ಅಕ್ಕನ ಬೆರಳು ಕಲಿತ ಯಂತ್ರ

ಕೆಲಸಕ್ಕೆಂದು ನಾನು ಮೊದಲು ಮಾಡಿದ ಮ್ಯಾಕ್ರೊ ಒಂದು ಬಿಡುಗಡೆ ಪತ್ರದ್ದು. ಮದುವೆಯಾಗಿ ಹೋದ ಹೆಣ್ಣುಮಕ್ಕಳು ತವರಿನ ಹೊಲಮನೆಯ ಮೇಲಿನ ಹಕ್ಕನ್ನು ಅಣ್ಣತಮ್ಮಂದಿರಿಗೆ ಬಿಟ್ಟು ಬರೆದುಕೊಡುವ ಕಾಗದ ಅದು. ಶಿಗ್ಗಾವಿಯ ಕೋರ್ಟಿನ ಎದುರಿಗಿದ್ದ ನಮ್ಮ ಟೈಪಿಂಗ್ ಅಂಗಡಿಗೆ ಅಂಥ ಕಾಗದ ಬಾರದ ದಿನವೇ ಇರಲಿಲ್ಲ. ಹೆಸರು, ಊರು, ಸರ್ವೆ ನಂಬರು, ನಾಲ್ಕೂ ಕಡೆಯ ಗಡಿ ಹೇಳುವ ಚಕ್ಕುಬಂದಿ, ಇಷ್ಟು ಮಾತ್ರ ಬದಲಾಗುತ್ತಿತ್ತು. ಉಳಿದದ್ದೆಲ್ಲ ಒಂದೇ ಒಕ್ಕಣೆ. ಅದನ್ನು ಒಂದು ಸಲ ಹೊಡೆದು ಕಂಪ್ಯೂಟರಿಗೆ ಕಲಿಸಿಟ್ಟರೆ ಆಮೇಲೆ ಎರಡು ಗುಂಡಿ ಒತ್ತಿದರೆ ಸಾಕು, ತಾನೇ ಹೊಡೆದುಕೊಳ್ಳುತ್ತದೆ. ಮ್ಯಾಕ್ರೊ ಎಂದರೆ ಅಷ್ಟೇ. ಹೊಡೆದ ಬೆರಳು ನನ್ನವಲ್ಲ, ನನ್ನ ಅಕ್ಕನವು. ಹೊಡೆಸಿಕೊಂಡ ಮೇಲೆ ಆಕೆಯನ್ನು ಅಂಗಡಿಯಿಂದ ಎಬ್ಬಿಸಿದವಳು ನಾನು. ಅದು ಹೇಗಾಯಿತೆಂದು ನನ್ನ ಹೊರತು ಯಾರೂ ಹೇಳಲಾರರು, ನಾನು ಇಲ್ಲಿಯವರೆಗೆ ಹೇಳಿಲ್ಲ.

ನಮ್ಮೂರು ಹತ್ತಿಮತ್ತೂರು. ಎಪ್ಪತ್ತರ ದಶಕದಲ್ಲಿ ಅಕ್ಕ ಮೆಟ್ರಿಕ್ಕಿಗೆ ಬಂದಾಗ ನಾನು ಏಳನೆಯದು ಮುಗಿಸಿದ್ದೆ. ಅಪ್ಪ ನನ್ನ ಶಾಲೆ ಬಿಡಿಸಿದ. ಮನೆಯಲ್ಲಿ ಎಮ್ಮೆ ಇದ್ದವು, ಹೊಲಕ್ಕೆ ಬುತ್ತಿ ಒಯ್ಯಬೇಕಿತ್ತು, ಅವ್ವನಿಗೆ ಸೊಂಟದ ನೋವು. "ಆಕಿ ಕಲಿತ್ರ ನಿನಗೂ ಹೇಳಿಕೊಡತಾಳ ಬಿಡು" ಅಂದ ಅಪ್ಪ. ನಾನು ಅತ್ತು ಊಟ ಬಿಟ್ಟೆ. ಮರುದಿನ ಎಮ್ಮೆ ಹೊಡೆದುಕೊಂಡು ಹೋದೆ.

ಅಪ್ಪ ಸಮಾಧಾನಕ್ಕೆ ಅಂದದ್ದನ್ನು ಅಕ್ಕ ನಿಜ ಮಾಡಿದಳು. ಮೆಟ್ರಿಕ್ ಮುಗಿಸಿ ದಿನಾ ಸವಣೂರಿಗೆ ಬಸ್ಸಿನಲ್ಲಿ ಹೋಗಿ ಟೈಪಿಂಗ್ ಕಲಿತಳು. ಸಂಜೆ ಬಂದವಳೇ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸುಣ್ಣದ ಕಡ್ಡಿಯಿಂದ ಮನೆಗಳನ್ನು ಗೀಚಿ, ಒಂದೊಂದರಲ್ಲಿ ಅಕ್ಷರ ಬರೆದು, ನನ್ನ ಬೆರಳು ಹಿಡಿದು ಕೂರಿಸುತ್ತಿದ್ದಳು. "ಕಣ್ಣ ಮುಚ್ಚು. ನೋಡಿದಿ ಅಂದ್ರ ಬೆರಳಿಗೆ ಬರೂದಿಲ್ಲ." ನಾನು ಕಲ್ಲಿನ ಮೇಲೆ ಟೈಪಿಂಗ್ ಕಲಿತವಳು. ನಿಜವಾದ ಯಂತ್ರದ ಮೇಲೆ ನನ್ನ ಕೈ ಎಂದೂ ಆಕೆಯಷ್ಟು ಓಡಲಿಲ್ಲ, ಅದು ಬೇರೆ ಮಾತು.

ಆಕೆಗೆ ಶಿಗ್ಗಾವಿಯಲ್ಲಿ ಕೆಲಸ ಸಿಕ್ಕಾಗ ನನ್ನನ್ನೂ ಕರೆದುಕೊಂಡು ಬಂದಳು. ಒಂದು ಕೋಣೆ ಬಾಡಿಗೆಗೆ ಹಿಡಿದೆವು. ಅಂಗಡಿಯಲ್ಲಿ ಆಕೆ ಹೊಡೆಯುವುದು, ನಾನು ಮಸಿಕಾಗದ ಜೋಡಿಸಿ ಕೊಡುವುದು, ಹೊಡೆದದ್ದನ್ನು ಗಟ್ಟಿಯಾಗಿ ಓದಿ ತಾಳೆ ನೋಡುವುದು, ದಾರ ಹಾಕಿ ಹೊಲಿಯುವುದು. ಮಾಲಕರು ವಯಸ್ಸಾದವರು. ವೈಷ್ಣವರು, ಹಣೆಗೆ ಗೋಪೀಚಂದನ, ಬಾಯಲ್ಲಿ ಸದಾ ಶ್ಲೋಕ. ಕೋರ್ಟಿನಲ್ಲಿ ಕಾರಕೂನರಾಗಿದ್ದು ನಿವೃತ್ತರಾದ ಮೇಲೆ ಅಂಗಡಿ ತೆಗೆದವರು. ಕೆಟ್ಟವರಲ್ಲ. ಅಕ್ಕನನ್ನು ಮರ್ಯಾದೆಯಿಂದ ಬಾಯಾರ ಅನ್ನುತ್ತಿದ್ದರು. ನನ್ನನ್ನು ಸಣ್ಣಾಕಿ ಅನ್ನುತ್ತಿದ್ದರು. "ಬಾಯಾರ, ಇದನ್ನ ಹೊಡೀರಿ. ಏ ಸಣ್ಣಾಕಿ, ನೀರ ತಾ." ಇಪ್ಪತ್ತು ದಾಟಿದ ಮೇಲೂ ನಾನು ಸಣ್ಣಾಕಿಯೇ.

ಅಂಗಡಿಗೆ ಎರಡು ಭಾಗ. ಹೊರಗೆ ಪಡಸಾಲೆ, ಅಲ್ಲಿ ಟೈಪ್‌ರೈಟರು ಮತ್ತು ಗಿರಾಕಿಗಳ ಬೆಂಚು. ಒಳಗೆ ಒಂದು ಸಣ್ಣ ಕೋಣೆ, ಅಲ್ಲಿ ದೇವರ ಫೋಟೋ, ಕುಡಿಯುವ ನೀರಿನ ಕೊಡ. ತಿಂಗಳ ಆ ಮೂರು ದಿನ ಹೆಣ್ಣುಮಕ್ಕಳು ಒಳಕೋಣೆಗೆ ಹೋಗುವಂತಿರಲಿಲ್ಲ. ಇದನ್ನು ಮಾಲಕರು ಎಂದೂ ಬಾಯಿಬಿಟ್ಟು ಹೇಳಲಿಲ್ಲ, ನಾವೂ ಹೇಳಲಿಲ್ಲ. ಬುತ್ತಿಯ ಚೀಲ ಸಿಕ್ಕಿಸಲು ಎರಡು ಮೊಳೆ ಇದ್ದವು, ಒಂದು ಒಳಗೆ, ಒಂದು ಬಾಗಿಲಿನ ಹೊರಗೆ. ಯಾರು ಹೊರಗಾಗಿದ್ದಾರೋ ಅವರ ಚೀಲ ಹೊರಗಿನ ಮೊಳೆಗೆ. ಮಾಲಕರು ಬಂದವರೇ ಒಮ್ಮೆ ಮೊಳೆ ನೋಡುತ್ತಿದ್ದರು, ಅಷ್ಟಕ್ಕೇ ಎಲ್ಲ ತಿಳಿಯುತ್ತಿತ್ತು. ಅಕ್ಕನ ಚೀಲಕ್ಕೆ ನೀಲಿ ಹಿಡಿಕೆ, ನನ್ನದಕ್ಕೆ ಕೆಂಪು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಮಾಲಕರು ಕಂಪ್ಯೂಟರ್ ತರಿಸಿದರು. ಕನ್ನಡ ಅಕ್ಷರ ಮೂಡಿಸಲಿಕ್ಕೆ ಅದರೊಳಗೆ ಬೇರೆ ಒಂದು ಕಾರ್ಡು ಕೂಡಿಸಿದ್ದರು. ಹೆದ್ದಾರಿಯ ಧೂಳು ತಾಗಬಾರದೆಂದು ಅದನ್ನು ಒಳಕೋಣೆಯಲ್ಲೇ ಇಡಬೇಕಾಯಿತು. ದೇವರ ಫೋಟೋದ ಕೆಳಗೆ. ಕಿಟಕಿಗೆ ಪರದೆ, ಬಾಗಿಲಲ್ಲಿ ಚಪ್ಪಲಿ ಬಿಡುವುದು. ಮಾಲಕರು ಕಾಯಿ ಒಡೆದು ಪೂಜೆ ಮಾಡಿ ಅರಿಶಿಣ ಕುಂಕುಮ ಏರಿಸಿದರು. ಹೀಗೆ ಕಂಪ್ಯೂಟರು ಮೊಳೆಯ ನಿಯಮದ ಒಳಗೆ ಬಂತು.

ಹುಬ್ಬಳ್ಳಿಯಿಂದ ಒಬ್ಬ ತರುಣ ಎರಡು ದಿನ ಬಂದು ಕಲಿಸಿ ಹೋಗುತ್ತಾನೆಂದು ಗೊತ್ತಾಯಿತು. ಕಲಿಯುವವಳು ಅಕ್ಕ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. "ಬಾಯಾರು ಒಳಗ ಕೂತ್ರ ಆತು, ಸಣ್ಣಾಕಿ ಹೊರಗ ಟೈಪ್‌ರೈಟರ್ ನೋಡಕೋತಾಳ" ಅಂದರು ಮಾಲಕರು. ಆ ರಾತ್ರಿ ನನ್ನ ತಲೆಯಲ್ಲಿ ಒಂದೇ ವಿಚಾರ. ಟೈಪ್‌ರೈಟರಿನಲ್ಲಿ ನಾನು ಅಕ್ಕನನ್ನು ಎಂದೂ ಮುಟ್ಟಲಾರೆ. ಶಾಲೆಯಲ್ಲಿ ಮುಟ್ಟಲಿಲ್ಲ. ಆದರೆ ಈ ಯಂತ್ರ ಇಬ್ಬರಿಗೂ ಹೊಸದು. ಇದರ ಮುಂದೆ ಮೊದಲು ಕೂತವಳೇ ಮುಂದೆ. ಮತ್ತೆ ನಾನೇ ಎಮ್ಮೆ ಕಾಯಬೇಕೇ?

ಬೆಳಿಗ್ಗೆ ನಾನು ಹೊರಗಾದೆ. ನಾನು ದೇವರ ದೀಪ ಹಚ್ಚುವಂತಿಲ್ಲವಾದ್ದರಿಂದ ಅಕ್ಕನೇ ಹಚ್ಚಿದಳು. ನನಗಂತೂ ಅಂದು ಒಳಕೋಣೆಯ ಹೊಸ್ತಿಲು ದಾಟಲು ಆಗುವುದಿಲ್ಲ ಎಂಬುದು ಖಾತ್ರಿಯಾಯಿತು. ದಾರಿಯಲ್ಲಿ ಅಕ್ಕ ಒಬ್ಬ ವಕೀಲರ ಮನೆಗೆ ಕಾಗದ ಕೊಡಬೇಕಿತ್ತು. ತನ್ನ ಚೀಲವನ್ನು ನನ್ನ ಕೈಗೆ ಕೊಟ್ಟು, "ನೀ ನಡಿ, ನಾ ಬಂದೆ" ಅಂದಳು. ಎರಡೂ ಚೀಲ ಹಿಡಿದು ನಾನು ಅಂಗಡಿಗೆ ಬಂದೆ. ಯಾರೂ ಇರಲಿಲ್ಲ. ನೀಲಿ ಹಿಡಿಕೆಯದನ್ನು ಹೊರಗಿನ ಮೊಳೆಗೆ ಹಾಕಿದೆ. ಕೆಂಪನ್ನು ಒಳಗೆ.

ಕೈ ನಡುಗಲಿಲ್ಲ. ನಡುಗಿತ್ತು ಎಂದು ಬರೆಯಬಹುದಿತ್ತು.

ಮಾಲಕರು ಬಂದರು, ಮೊಳೆ ನೋಡಿದರು. ಹುಬ್ಬಳ್ಳಿಯ ತರುಣ ಬಂದ. ವಕೀಲರ ಕಡೆಯ ಇಬ್ಬರು ಗುಮಾಸ್ತರು ಕಂಪ್ಯೂಟರ್ ನೋಡಲೆಂದೇ ಬಂದು ಬೆಂಚಿನ ಮೇಲೆ ಕೂತರು. ಆಗ ಅಕ್ಕ ಬಂದಳು, ಚಪ್ಪಲಿ ಬಿಡಲಿಕ್ಕೆ ಬಾಗಿದಳು. ಮಾಲಕರು ಬೇರೆ ಕಡೆ ನೋಡುತ್ತ ಅಂದರು:

"ಬಾಯಾರ, ಇವತ್ತ ನೀವು ಹೊರಗಿಂದ ನೋಡ್ರಿ. ಸಣ್ಣಾಕೀನ ಒಳಗ ಕೂಡಸ್ತೇನಿ. ಇವ್ರಿಗೂ ಎರಡ ದಿನದ್ದ ಪುರಸತ್ತು ಅದ. ಆಮ್ಯಾಲ ಆಕಿ ನಿಮಗ ಹೇಳಿಕೊಡತಾಳ, ಏನಾಗತದ."

ಅಕ್ಕ ತಲೆ ಎತ್ತಿದಳು. ಮೊಳೆಗೆ ಇದ್ದ ತನ್ನ ಚೀಲ ಕಂಡಿತು. "ನಾ..." ಅಂದಳು. ನಾಲ್ಕು ಗಂಡಸರು ಕೂತಿದ್ದರು. ನಾನು ಹೊರಗಾಗಿಲ್ಲ ಎಂದು ಯಾವ ಹೆಣ್ಣು ಹೇಳೀತು, ಯಾವ ಬಾಯಿಂದ? ನನ್ನ ಕಡೆ ನೋಡಿದಳು. ನಾನು ಗುಂಡಿಗಳ ಮೇಲಿನ ಹೊದಿಕೆ ತೆಗೆದು ಮಡಚುತ್ತಿದ್ದೆ, ಬಹಳ ನೀಟಾಗಿ. ಅಕ್ಕ ಚಪ್ಪಲಿ ಮತ್ತೆ ಮೆಟ್ಟಿಕೊಂಡು ಟೈಪ್‌ರೈಟರಿನ ಮುಂದೆ ಕೂತಳು.

ಹುಬ್ಬಳ್ಳಿಯ ತರುಣ ಮೊದಲು ಗುಂಡಿಗಳ ಸಂದಿಯ ಕುಂಕುಮ ಊದಿದ. "ಅಜ್ಜಾರ, ಪೂಜಿ ಮ್ಯಾಲಿಂದ ಮಾಡ್ರಿ, ಸಂದ್ಯಾಗ ಬ್ಯಾಡ್ರಿ. ಗುಂಡಿ ಕಚ್ಚಿ ಹಿಡೀತಾವು." ಮೊದಲ ದಿನ ಅಕ್ಷರ ಮೂಡಿಸುವುದು, ಅಳಿಸುವುದು, ಉಳಿಸಿಡುವುದು. ಎರಡನೆಯ ದಿನ ಮ್ಯಾಕ್ರೊ.

"ಇದು ಗಿಣಿ ಇದ್ದಂಗ ನೋಡ್ರಿ" ಅಂದ. "ಈ ಎರಡ ಗುಂಡಿ ಒತ್ತಿದ್ರ ಕಿವಿ ತಗೀತೈತಿ. ಆಮ್ಯಾಲ ನೀವು ಏನ ಹೊಡೀತೀರಿ, ಅದನ್ನ ಹೊಡದಂಗ ಹೊಡದಂಗ ಕಲೀತೈತಿ. ಮತ್ತ ಅವ ಎರಡ ಗುಂಡಿ ಒತ್ತಿದ್ರ ಕಿವಿ ಮುಚ್ಚತೈತಿ. ಅದಕ್ಕೊಂದ ಅಕ್ಷರದ ಹೆಸರ ಇಡ್ರಿ. ಇನ್ನ ಆ ಅಕ್ಷರ ಒತ್ತಿದಾಗೆಲ್ಲ ಕಲಿತದ್ದನ್ನ ಒಪ್ಪಿಸತೈತಿ. ನೀವು ಬೈಗಳಾ ಕಲಿಸಿದ್ರ ಬೈಗಳಾ."

"ತಪ್ಪ ಹೊಡದ್ರ?" ಕೇಳಿದೆ.

"ತಪ್ಪೂ ಕಲೀತೈತಿ. ನೀವು ಅದನ್ನ ಅಳಿಸಿದ್ರ, ಅಳಸೂದೂ ಕಲೀತೈತಿ. ಗಿಣಿಗೆ ಏನ ಗೊತ್ತು?"

ಹೆಸರು ಬದಲಾಗುವ ಜಾಗದಲ್ಲಿ ನಿಲ್ಲು ಎಂದು ಹೇಳುವ ಗುಂಡಿಯನ್ನೂ ತೋರಿಸಿದ. ಅಲ್ಲಿ ಅದು ಕಾಯುತ್ತದೆ, ನಾವು ಹೆಸರು ಹೊಡೆದ ಮೇಲೆ ಮುಂದೆ ಸಾಗುತ್ತದೆ. ನಾನು ಮೊದಲು ನಮ್ಮೂರಿನ ಹೆಸರು ಕಲಿಸಿದೆ. ಆದರೆ ಕಿವಿ ಮುಚ್ಚಿಸುವ ಮೊದಲೇ, ಕಲಿತಿದೆಯೋ ನೋಡೋಣವೆಂದು ಒಪ್ಪಿಸುವ ಗುಂಡಿ ಒತ್ತಿಬಿಟ್ಟೆ. ಆ ಒತ್ತಿದ್ದನ್ನೂ ಅದು ಕಲಿಯಿತು. ಆಮೇಲೆ ನಡೆಸಿದಾಗ ಪರದೆಯ ಮೇಲೆ ಹತ್ತಿಮತ್ತೂರು ಎಂದು ಮೂಡಿತು. ಮತ್ತೆ ಹತ್ತಿಮತ್ತೂರು. ಮತ್ತೆ. ನಾನು ಕೈ ಎತ್ತಿದ್ದೆ, ಆದರೂ ನಿಲ್ಲಲಿಲ್ಲ. ಸಾಲಿನ ಮೇಲೆ ಸಾಲು, ಪರದೆ ತುಂಬಿ ಮೇಲಕ್ಕೆ ಓಡತೊಡಗಿತು.

ಮಾಲಕರು ಎದ್ದು ನಿಂತರು. ಮುಖ ಬಿಳಿಚಿತ್ತು. "ಯಾಕ? ಏನಾತು? ಯಾರು ಏನ ಮುಟ್ಟಿದ್ರಿ?"

ಹೊರಗಾದವಳು ದೇವರ ಫೋಟೋದ ಕೆಳಗೆ ಎರಡು ದಿನದಿಂದ ಕೂತಿದ್ದೆ. ನನಗೆ ತಿಳಿದದ್ದು ಒಂದೇ: ಇದು ನನ್ನ ಮೈಲಿಗೆ. ಇನ್ನು ಮುಚ್ಚಿಡುವಂತಿಲ್ಲ, ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಆ ತರುಣ ಮೂಲೆಯ ಒಂದು ಗುಂಡಿ ಒತ್ತಿ ನಿಲ್ಲಿಸಿದ, ನಗುತ್ತಲೇ.

"ಯಾರೂ ಏನೂ ಮುಟ್ಟಿಲ್ರಿ ಅಜ್ಜಾರ. ಕಲಸೂದು ಮುಗಿಯೂ ಮೊದಲ ಒಪ್ಪಸು ಅಂದ್ರ ಹಿಂಗ ಆಗತೈತಿ. ತನ್ನ ಬಾಲಾ ತಾನ ಹಿಡ್ಯಾಕ ತಿರಗೂ ನಾಯಿ ಇದ್ದಂಗ."

ಗದ್ದಲ ಕೇಳಿ ಅಕ್ಕ ಹೊಸ್ತಿಲ ತನಕ ಬಂದು ನಿಂತಿದ್ದಳು. ಕತ್ತು ಚಾಚಿ ಪರದೆ ನೋಡಿ ನಕ್ಕಳು. "ಊರಾಗಿನ ಮಂದೀನೆಲ್ಲ ಕರದಿ ಏನ?" ಅಂದಳು. ಹೊಸ್ತಿಲು ದಾಟಲಿಲ್ಲ. ಅವಳು ದಾಟಬಹುದಿತ್ತು, ನಾನು ದಾಟಬಾರದಿತ್ತು.

ಯಂತ್ರಕ್ಕೆ ಏನೂ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ಹೆದರಿಕೆ ಹೋಯಿತು, ಅದರ ಜೊತೆ ಹೇಳಬೇಕೆಂಬ ಮನಸ್ಸೂ ಹೋಯಿತು. ಕಲಿತ ಮ್ಯಾಕ್ರೊವನ್ನು ತಿದ್ದುವುದು ಹೇಗೆಂದು ಇನ್ನೊಂದು ಸಲ ಬಂದಾಗ ಹೇಳುತ್ತೇನೆಂದು ಆ ತರುಣ ಸಂಜೆಯ ಬಸ್ಸಿಗೆ ಹೊರಟ. ಅವನು ಮತ್ತೆ ಬರಲಿಲ್ಲ.

ಕೋಣೆಗೆ ಬಂದ ಮೇಲೆ ಅಕ್ಕ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತ ಕೇಳಿದಳು. "ಹೂಂ, ಹೇಳು. ಏನೇನ ಕಲಿಸಿದ?"

"ಏನೇನೋ. ಎಲ್ಲಾ ಇಂಗ್ಲೀಷದಾಗ."

"ನಿನಗ ತಿಳೀತಲ್ಲ?"

"ಅಷ್ಟಿಷ್ಟ."

"ಅಷ್ಟಿಷ್ಟ ಹೇಳು ಮತ್ತ. ಆ ಗಿಣಿ ಅಂದ್ನಲ್ಲ, ಅದು ಹ್ಯಾಂಗ?"

"ಅದು ಬಹಳ ತ್ರಾಸ ಐತಿ ಅಕ್ಕಾ. ಬಾಯಿಲೆ ಹೇಳಾಕ ಬರೂದಿಲ್ಲ."

ಅವಳು ರೊಟ್ಟಿ ತಿರುವಿ ಹಾಕಿದಳು. "ಆತು ಬಿಡು. ಕೂತಾಗ ತೋರಸು." ಚೀಲದ ಮಾತು ಎತ್ತಲಿಲ್ಲ. ನಾನು ಉಂಡು ಮಲಗಿದೆ.

ಕಲಿತದ್ದೇನೋ ಕಲಿತೆ, ಯಂತ್ರಕ್ಕೆ ಕಲಿಸಲು ನನ್ನ ಬಳಿ ಏನೂ ಇರಲಿಲ್ಲ. ಪತ್ರಗಳ ಒಕ್ಕಣೆ ಅಕ್ಕನ ಬೆರಳಲ್ಲಿತ್ತು. ನಾನು ನೋಡಿ ಹೊಡೆದರೆ ಸಾಲಿಗೆರಡು ತಪ್ಪು, ಅವನ್ನೆಲ್ಲ ಗಿಣಿ ಕಲಿಯುತ್ತಿತ್ತು. ಅದಕ್ಕೆ ಅಕ್ಕನನ್ನೇ ಕರೆದೆ. ಚಪ್ಪಲಿ ಬಿಟ್ಟು, ಕೈ ತೊಳೆದು ಬಂದು ಕೂತಳು, ಸಂತೋಷದಿಂದಲೇ. "ಎಲ್ಲಿಂದ ಸುರು ಮಾಡ್ಲಿ?"

"ನಾ ಹೂಂ ಅಂದ ಮ್ಯಾಲ."

ಕಿವಿ ತೆಗೆಯುವ ಗುಂಡಿ ಒತ್ತುವಾಗ ಮೈ ಅಡ್ಡ ಮಾಡಿ ಒತ್ತಿದೆ. ಮುಚ್ಚುವಾಗಲೂ ಹಾಗೇ. ಬಿಡುಗಡೆ ಪತ್ರ, ಖರೀದಿ ಪತ್ರ, ಆಸ್ತಿ ಪಾಲು ಮಾಡುವ ವಾಟ್ನಿ ಪತ್ರ, ಪ್ರಮಾಣಪತ್ರ, ವಕಾಲತ್ತು, ಎಲ್ಲವನ್ನೂ ಆಕೆ ಒಂದೊಂದಾಗಿ ಹೊಡೆದಳು. ಬಿಡುಗಡೆ ಪತ್ರದ ನಡುವೆ ಒಂದು ಕಡೆ ತವರುಮನೆ ಎಂದು ಹೊಡೆದು, ನಿಂತು, ಅದನ್ನು ಅಳಿಸಿ, ಕೋರ್ಟಿನ ಮಾತಿನಂತೆ ತಂದೆಯ ಮನೆತನ ಎಂದು ಹೊಡೆದಳು.

"ತಪ್ಪಾತು. ಮತ್ತ ಮೊದಲಿಂದ ಹೊಡೀಲೇನ?"

"ಬ್ಯಾಡ. ಅಳಿಸಿದಿಯಲ್ಲ, ಕಾಗದದಾಗ ಬರೂದಿಲ್ಲ."

ಕಾಗದದಲ್ಲಿ ಬರಲಿಲ್ಲ, ನಿಜ. ಆದರೆ ಆ ಮ್ಯಾಕ್ರೊ ನಡೆಸಿದಾಗೆಲ್ಲ ಪರದೆಯ ಮೇಲೆ ತವರುಮನೆ ಎಂದು ಮೂಡಿ, ಒಂದೊಂದೇ ಅಕ್ಷರ ಹಿಂದಕ್ಕೆ ಅಳಿಯುತ್ತಿತ್ತು. ಆಗಿನ ಯಂತ್ರಗಳು ನಿಧಾನ, ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಮುಂದೆ ಅಂಗಡಿಯಲ್ಲಿ ನಾನೊಬ್ಬಳೇ ಉಳಿದಾಗ, ಆ ಸಾಲು ಬರುವ ಹೊತ್ತಿಗೆ ನಾನು ಕಾಗದ ಹುಡುಕುವವಳಂತೆ ಕೆಳಗೆ ನೋಡುವುದನ್ನು ರೂಢಿ ಮಾಡಿಕೊಂಡೆ.

ಎಲ್ಲ ಕಲಿತಾದ ಮೇಲೆ ಯಂತ್ರಕ್ಕೆ ಅಕ್ಕ ಬೇಕಾಗಲಿಲ್ಲ. ಹಿರೇಕೆರೂರಿನ ವಕೀಲರೂ ಸವಣೂರಿನವರೂ ನಮ್ಮಲ್ಲಿಗೇ ಕೆಲಸ ಕಳಿಸತೊಡಗಿದರು. ಹೊರಗಿನ ಟೈಪ್‌ರೈಟರಿನ ಮೇಲೆ ಧೂಳು ಕೂತಿತು. ಒಂದು ದಿನ ಅಕ್ಕ ವಕೀಲರ ಕಡೆ ಹೋಗಿದ್ದಾಗ ಮಾಲಕರು ನನ್ನನ್ನು ಕರೆದರು.

"ಇಬ್ಬರಿಗೆ ಸಾಕಾಗೂವಷ್ಟು ಕೆಲಸ ಉಳಿದಿಲ್ಲ ನೋಡು. ನೀ ಖರೇ ಹೇಳು, ಬಾಯಾರಿಗೆ ಇದು ಬರತದೇನು? ಬರತದ ಅಂದ್ರ ಅವ್ರನ್ನ ಇಟಗೋತೇನಿ. ಹಳಬರು."

ನನಗೆ ಆಗ ಬೇಕಾಗಿದ್ದದ್ದು ಒಂದೇ ಒಂದು ಸಂಜೆ. ಒಂದು ಸಂಜೆ ಕೂತು ನಾಲ್ಕು ಗುಂಡಿ ತೋರಿಸಿದ್ದರೆ ಅಕ್ಕ ನನ್ನನ್ನು ದಾಟಿ ಹೋಗುತ್ತಿದ್ದಳು. ಅದು ನನಗೆ ಗೊತ್ತಿತ್ತು.

"ಇಲ್ರಿ" ಅಂದೆ. "ಆಕಿಗೆ ಇದು ಬರೂದಿಲ್ಲ."

ಸುಳ್ಳೂ ಅಲ್ಲ. ಬರದಂತೆ ನೋಡಿಕೊಂಡಿದ್ದೆ.

ಮಾಲಕರು ಅಕ್ಕನಿಗೆ ಹಳೆಯ ಟೈಪ್‌ರೈಟರನ್ನು ಕೊಟ್ಟು ಕಳಿಸಿದರು. "ನಿಮ್ಮಂಥವ್ರಿಗೆ ಎಲ್ಲಿ ಕೂತ್ರೂ ಕೆಲಸ ಅದ ಬಾಯಾರ. ಈ ಸಣ್ಣಾಕಿಗೆ ಯಾರು ಕೊಡತಾರ?" ಅದನ್ನು ಕೇಳಿ ಅಕ್ಕ ತಲೆ ಆಡಿಸಿದಳು, ಒಪ್ಪಿದವಳಂತೆ. ಆಕೆ ಹಾನಗಲ್ಲಿಗೆ ಹೋದಳು. ತಾಲ್ಲೂಕು ಕಚೇರಿಯ ಎದುರು ಒಂದು ಜಗುಲಿಯಲ್ಲಿ ಜಾಗ ಹಿಡಿದು ಕೂತಳು, ಮೇಲೆ ತಗಡು, ಮಳೆ ಬಂದರೆ ಯಂತ್ರಕ್ಕೆ ಗೋಣಿಚೀಲ. ಟೈಪ್‌ರೈಟರುಗಳ ಕಾಲ ಮುಗಿಯುತ್ತಿತ್ತು. ಹಾನಗಲ್ಲಿನಲ್ಲೂ ಇಂದಲ್ಲ ನಾಳೆ ಯಾರಾದರೂ ಕಂಪ್ಯೂಟರ್ ಇಡುವವರೇ. ಅದು ಆಕೆಗೂ ಗೊತ್ತಿತ್ತು. ಶಿಗ್ಗಾವಿಯಲ್ಲಿ ನನ್ನನ್ನು ಜನ ಬಾಯಾರ ಎನ್ನತೊಡಗಿದರು. ಮಾಲಕರು ಕೂಡ.

ಆಮೇಲೆ ಪತ್ರಗಳ ಒಕ್ಕಣೆ ಬದಲಾಯಿತು. ನೋಂದಣಿ ಕಚೇರಿಯವರು ಹಳೆಯದು ನಡೆಯುವುದಿಲ್ಲ ಎಂದು ಕಾಗದ ತಿರುಗಿ ಕಳಿಸಿದರು. ಕಲಿತ ಮ್ಯಾಕ್ರೊದ ನಡುವೆ ತಿದ್ದುವುದು ನನಗೆ ಗೊತ್ತಿರಲಿಲ್ಲ, ಹೊಸದಾಗಿಯೇ ಕಲಿಸಬೇಕು. ಹೊಸ ಒಕ್ಕಣೆಯೂ ಗೊತ್ತಿರಲಿಲ್ಲ. "ಹಾನಗಲ್ಲಿಗೆ ಹೋಗಿ ನಿಮ್ಮ ಅಕ್ಕನ್ನ ಕೇಳಿ ಬರ್ರಿ" ಅಂದರು ಮಾಲಕರು, ಬಹಳ ಸಹಜವಾಗಿ.

ಹೋದೆ. ಅಕ್ಕ ತೆಳ್ಳಗಾಗಿದ್ದಳು. ಬಿಡುಗಡೆ ಪತ್ರಕ್ಕೆಂದು ತಿಳವಳ್ಳಿಯಿಂದ ಬಂದ ಒಬ್ಬ ಹೆಂಗಸು, ಆಕೆಯ ಇಬ್ಬರು ಅಣ್ಣಂದಿರು ನಿಂತುಕೊಂಡು ಕಾಯುತ್ತಿದ್ದರು. ಅಕ್ಕ ನನ್ನನ್ನು ನೋಡಿ, "ಬಾ, ಕುಂತಕೋ" ಎಂದು ಗಿರಾಕಿಗಳ ಸ್ಟೂಲು ತೋರಿಸಿ, ಹೊಡೆಯುತ್ತಿದ್ದ ಸಾಲು ಮುಗಿಸಿದಳು. ಬಂದ ಕೆಲಸ ಹೇಳಿದೆ. ಹೊಸ ಒಕ್ಕಣೆಯ ಮಸಿಪ್ರತಿಗಳನ್ನು ತೆಗೆದು, ಒಂದೊಂದನ್ನೂ ನೋಡಿ, ಜೋಡಿಸಿ ಕೊಟ್ಟಳು. ತಾನೇ ಬಂದು ಹೊಡೆದುಕೊಡುತ್ತೇನೆ ಎನ್ನಲಿಲ್ಲ. ನಾನೂ ಬಾ ಎನ್ನಲಿಲ್ಲ.

ಯಂತ್ರಕ್ಕೆ ಹಾಳೆ ಏರಿಸುತ್ತ ಕೇಳಿದಳು: "ಅವತ್ತ ಹುಬ್ಬಳ್ಳಿಯವ್ರು ಬಂದಾಗ ನನ್ನ ಚೀಲಾ ಹೊರಗಿನ ಮೊಳೀಗೆ ಇತ್ತಲ್ಲ. ಗಡಿಬಿಡಿಯೊಳಗ ಅದಲಿಬದಲಿ ಆಗಿತ್ತು, ಹೌದಲ್ಲೊ?"

ಕಣ್ಣು ಹಾಳೆಯ ಮೇಲೇ ಇತ್ತು. ಅಲ್ಲ ಎನ್ನಲಿಕ್ಕೆ ಅಷ್ಟು ಸುಲಭದ ಹೊತ್ತು ನನಗೆ ಮತ್ತೆ ಸಿಗಲಿಲ್ಲ.

"ಹೂಂ" ಅಂದೆ. "ಗಡಿಬಿಡಿಯೊಳಗ."

"ನಾನೂ ಹಂಗ ಅನಕೊಂಡೆ. ಹೋಗಲಿ, ಮನ್ಯಾಗ ಯಾರರ ಒಬ್ಬರು ಕಲಿತ್ರ ಆತು ಅಂತ ಸುಮ್ಮನಾದೆ." ಹಾಳೆಯ ಅಂಚು ಸರಿ ಮಾಡಿದಳು. "ಸಂಜೀಕ ನೀ ಹೇಳ್ತಿ ಅಂತ ಬಹಳ ದಿನಾ ಕಾದೆ."

"ಚೀಲದ್ದು?"

"ಯಂತ್ರದ್ದು" ಅಂದಳು.

ಆಮೇಲೆ ನನ್ನ ಹಿಂದಿದ್ದವರ ಕಡೆ ನೋಡಿದಳು. "ನೀ ಏಳು ಇನ್ನ, ಆಕಿ ಆವಾಗಿಂದ ನಿಂತಾಳ. ಬರ್ರಿ ಅವ್ವಾರ, ಕುಂಡ್ರಿ."

ಎದ್ದೆ. ತಿಳವಳ್ಳಿಯ ಹೆಂಗಸು ನಾನು ಬಿಟ್ಟ ಸ್ಟೂಲಿನ ಮೇಲೆ ಕೂತಳು. ಅಕ್ಕ ಆಕೆಯ ಹೆಸರು ಕೇಳಿ ಹೊಡೆಯತೊಡಗಿದಳು.